ಭಾನುವಾರದ ಬಯಾಪ್ಸಿ: ಶೆಡ್‌ಗಳ ಪಕ್ಕದಲ್ಲೇ ಮಾಡಿ ನೋಡಿದ ನನ್ನ ಅನುಭವ

"ಶೆಡ್ ಪಕ್ಕ ಕೂತು ಬಯಾಪ್ಸಿ ಮಾಡ್ತೀರಾ? ರಕ್ತ ನಿಲ್ಲದಿದ್ರೆ ಏನು ಗತಿ?" ಎಂದು ನಕ್ಕವರೇ ಈಗ ಫೋನ್ ಮಾಡಿ ಯಾವ ಪಂಚ್, ಯಾವ ಲ್ಯಾಬ್, ಎಷ್ಟು ಖರ್ಚು ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಗಂಟಲು ಒಣಗಿತು. ಅದಕ್ಕೇ ಬರೆಯುತ್ತಿದ್ದೇನೆ. ಬಾಯಿ ಕ್ಯಾನ್ಸರ್ ಇದೆಯಾ ಅಂತ ನೋಡಲು ಬಾಯಿಂದ ಚಿಕ್ಕ ತುಣುಕು ತೆಗೆದು ಲ್ಯಾಬಿಗೆ ಕಳಿಸೋದೇ ಈ ಬಯಾಪ್ಸಿ, ಪಂಚ್ ಅಂದರೆ ಆ ತುಣುಕು ಕತ್ತರಿಸುವ ದುಂಡು ಬಾಯಿಯ ಉಪಕರಣ.

ನಮ್ಮ ಕೆಲಸ ಬೆಂಗಳೂರಿನ ಮುನ್ನೇಕೊಳಾಲ, ತೂಬರಹಳ್ಳಿ ಸುತ್ತಮುತ್ತ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ನೀಲಿ ಟಾರ್ಪಾಲಿನ ಶೆಡ್‌ಗಳಲ್ಲಿ ಇರುತ್ತಾರಲ್ಲ, ಅಲ್ಲಿ. ಗಂಡಸರಿಗೆ ಗುಟ್ಕಾ, ಹೆಂಗಸರಿಗೆ ಎಲೆಅಡಿಕೆ ಜೊತೆ ಹೊಗೆಸೊಪ್ಪು. 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಒಂದು ಪ್ಯಾಕೆಟ್ ಎರಡಾಯಿತು, ಅಷ್ಟೇ. ಪಾನ್ ಮಸಾಲ ಬೇರೆ, ತಂಬಾಕು ಬೇರೆ, ಬೆರೆಸಿಕೊಳ್ಳುವ ಕೆಲಸ ಗಿರಾಕಿಯದು.

ಕ್ಯಾನ್ಸರಿಗೆ ತಿರುಗಬಹುದಾದ ಬಿಳಿ, ಕೆಂಪು ಪ್ಯಾಚ್ ಹುಡುಕೋದು ನಮಗೆ ಯಾವತ್ತೂ ಕಷ್ಟ ಆಗಿಲ್ಲ. ಟಾರ್ಚು, ಎರಡು ಮೌತ್ ಮಿರರ್, ಗಾಜ್ ಬಟ್ಟೆ ಇದ್ದರೆ ಸಾಕು ಅನ್ನೋದು ನಿಮಗೂ ಗೊತ್ತು. ಚಟ ಇರುವವರ ಬಾಯನ್ನು ಬರಿಗಣ್ಣಲ್ಲಿ ನೋಡಿದರೂ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ ಅಂತ ತಿರುವನಂತಪುರದ ಅಧ್ಯಯನ 2005ರಲ್ಲೇ ತೋರಿಸಿದೆ. ನಮ್ಮಲ್ಲಿ ಎಲ್ಲ ಕೆಡುತ್ತಿದ್ದದ್ದು ಬಯಾಪ್ಸಿಗೆ ಆಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆದುಕೊಟ್ಟ ಮೇಲೆ. ಹತ್ತು ಜನಕ್ಕೆ ಚೀಟಿ ಕೊಟ್ಟರೆ ಆಸ್ಪತ್ರೆ ಮೆಟ್ಟಿಲು ಹತ್ತುತ್ತಿದ್ದವರು ಇಬ್ಬರೋ ಮೂವರೋ.

ಅವರ ಲೆಕ್ಕ ನೋಡಿ. ಗಂಡಾಳಿನ ಕೂಲಿ ಎಂಟುನೂರರ ಆಸುಪಾಸು, ಹೆಣ್ಣಾಳಿಗೆ ಐನೂರೋ ಆರುನೂರೋ. ರಜೆ ಇರೋದು ಭಾನುವಾರ, ಅವತ್ತು ಒಪಿಡಿ ಇಲ್ಲ. ವಾರದ ದಿನ ಹೋದರೆ ಮೊದಲ ದಿನ ಚೀಟಿ ಮಾಡಿಸೋದು, ಇನ್ನೊಂದು ದಿನ ಬಯಾಪ್ಸಿ, ಆಮೇಲೆ ರಿಪೋರ್ಟಿಗೆ ಮತ್ತೊಂದು ದಿನ. ಜೊತೆಗೆ ಬಂದವರ ಕೂಲಿಯೂ ಹೋಯಿತು. ಆಟೋ, ಊಟ ಸೇರಿದರೆ ನಾಲ್ಕೈದು ಸಾವಿರ. ನೋವೇ ಇಲ್ಲದ ಒಂದು ಬಿಳಿ ಪ್ಯಾಚ್‌ಗೆ! "ಗುಳ್ಳಿ ಆಗ್ಯಾದ್ರೀ, ಹೋಗ್ತದ" ಅನ್ನದೆ ಇನ್ನೇನು ಅಂತಾರೆ?

ಮೊದಲು ನಾವೂ ಎಲ್ಲರ ಹಾಗೆ ಶಿಬಿರ ಮಾಡಿದೆವು. ಶಾಮಿಯಾನ, ಬ್ಯಾನರ್, ಮೈಕು, ಎಲ್ಲರಿಗೂ ಉಪ್ಪಿಟ್ಟು ಸೇರಿ ಒಂದೊಂದಕ್ಕೆ ಇಪ್ಪತ್ತೈದು ಸಾವಿರ. ಬಂದವರು ಹಲ್ಲುನೋವಿನವರು, ಹಲ್ಲಿನ ಸೆಟ್ ಬೇಕಿದ್ದ ಮುದುಕರು, ಬ್ರಷ್ ಕೊಡ್ತಾರೆ ಅಂತ ಓಡಿ ಬಂದ ಮಕ್ಕಳು. ದಿನಕ್ಕೆ ಇಪ್ಪತ್ತು ಪ್ಯಾಕೆಟ್ ಹಾಕುವ ಆಸಾಮಿ ದೂರದಲ್ಲಿ ನಿಂತು ನೋಡುತ್ತಿದ್ದ. ಆಮೇಲೆ ಟೆಂಪೊ ಟ್ರಾವೆಲರ್ ಗೊತ್ತು ಮಾಡಿ ನಾವೇ ಆಸ್ಪತ್ರೆಗೆ ಕರೆದೊಯ್ಯಲು ಹೊರಟೆವು. ಬಾಡಿಗೆ ನಾಲ್ಕೂವರೆ ಸಾವಿರ. ಹನ್ನೆರಡು ಸೀಟಿಗೆ ಬಂದವರು ಮೂವರು, ಅದರಲ್ಲೊಬ್ಬ ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರವೇ ಇಳಿದುಹೋದ. ಕೂಲಿ ನಷ್ಟ ಕಟ್ಟಿಕೊಟ್ಟಾಗ ಮಾತ್ರ ಜನ ಬಂದರು. ಆದರೆ ದುಡ್ಡು ಕೊಡುತ್ತಿದ್ದ ಕಂಪನಿಯ ಅಧಿಕಾರಿಗೆ ಅದು ಲಂಚದ ಥರ ಕಂಡಿತು, ರಸೀದಿ ಕೇಳಿದರು. ಕೂಲಿಗೆ ಎಲ್ಲಿಯ ರಸೀದಿ? ಅದೂ ನಿಂತಿತು.

ಕೊನೆಗೆ ಬಯಾಪ್ಸಿಯನ್ನೇ ಭಾನುವಾರಕ್ಕೆ, ಶೆಡ್ ಹತ್ತಿರಕ್ಕೆ ತಂದೆವು. ಒಂದು ಶಟರ್ ಮಳಿಗೆ, ಬಾಡಿಗೆ ಒಂಬತ್ತು ಸಾವಿರ. ಮುಚ್ಚುತ್ತಿದ್ದ ಕ್ಲಿನಿಕ್ಕಿನಿಂದ ಹಳೆ ಚೇರು, ನಲವತ್ತು ಸಾವಿರದೊಳಗೆ. ಉಪಕರಣ ಶುದ್ಧ ಮಾಡುವ ಆಟೋಕ್ಲೇವ್ ನನ್ನದೇ ಇತ್ತು. ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ವೈದ್ಯಕೀಯ ತ್ಯಾಜ್ಯ ಒಯ್ಯುವವರ ಜೊತೆ ಒಪ್ಪಂದ, ಇವಿಲ್ಲದೆ ಶಟರ್ ಎತ್ತಲೇಬೇಡಿ.

ಸಮಯ ಬೆಳಿಗ್ಗೆ ಎಂಟರಿಂದ ಹನ್ನೆರಡು. ಮಧ್ಯಾಹ್ನದ ಮೇಲೆ ಗಂಡಸರು ಸಿಗಲ್ಲ, ಸಿಕ್ಕರೂ ಕುಡಿದಿರುತ್ತಾರೆ. ಕುಡಿದವರ ಒಪ್ಪಿಗೆ ಸಹಿ ಸಹಿಯಲ್ಲ.

ಯಾರಿಗೆ ಮಾಡಬಾರದು ಅನ್ನೋದೇ ಮುಖ್ಯ. ನೋಡಿದ ತಕ್ಷಣ ಕ್ಯಾನ್ಸರ್ ಅಂತ ಗೊತ್ತಾಗುವ ಗಡ್ಡೆ, ಗಟ್ಟಿ ಅಂಚಿನ ಹುಣ್ಣು, ಕುತ್ತಿಗೆಯಲ್ಲಿ ಗಂಟು ಇದ್ದರೆ ನಾನು ಮುಟ್ಟಲ್ಲ, ನೇರ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ. ಅಲ್ಲಿನ ಸ್ಕ್ಯಾನಿಗೆ ಮುಂಚೆ ನಾವು ಕೆದಕಿದರೆ ಚಿತ್ರ ಕೆಡುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಸಕ್ಕರೆ ಇನ್ನೂರು ದಾಟಿದವರು ನನ್ನ ಚೇರಿಗೆ ಬೇಡ. ಉಳಿದವರಿಗೆ ಐದು ಮಿಲಿಮೀಟರ್ ಪಂಚ್. ಪ್ಯಾಚ್‌ನಲ್ಲಿ ಬಿಳಿಗಿಂತ ಕೆಂಪು ಬೆರೆತ ಜಾಗ ಹುಡುಕಿ ಅಲ್ಲೇ ತಗೊಳ್ಳಿ. ಪ್ಯಾಚ್ ಚಿಕ್ಕದಿದೆ ಅಂತ ಪೂರ್ತಿ ಕಿತ್ತು ಹಾಕುವ ಆಸೆ ಬೇಡ, ಆಮೇಲೆ ಸರ್ಜನ್‌ಗೆ ಅಂಚೇ ಸಿಗಲ್ಲ. ಒಂದು ಸಿಲ್ಕ್ ಹೊಲಿಗೆ, ಅರ್ಧ ಗಂಟೆ ಗಾಜ್ ಕಚ್ಚಿ ಕೂರಿಸೋದು. ನಕ್ಕವರು ಹೆದರಿಸಿದ ರಕ್ತಸ್ರಾವ ಒಂದೋ ಎರಡೋ ಸಲ ಆಯಿತು, ಇನ್ನೊಂದು ಹೊಲಿಗೆಗೆ ನಿಂತಿತು. ಹೆಸರು ಬರೆಯೋದು ತುಣುಕು ಹಾಕಿದ ಬಾಟ್ಲಿ ಮೈಮೇಲೆ, ಮುಚ್ಚಳದ ಮೇಲಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ.

ಸೋಮವಾರ ಬೆಳಿಗ್ಗೆ ಬಾಟ್ಲಿಗಳು ಲ್ಯಾಬಿಗೆ. ಪೇಟೆ ದರಕ್ಕಿಂತ ಹೆಚ್ಚುಕಮ್ಮಿ ಅರ್ಧಕ್ಕೆ ಮಾಡಿಕೊಡುತ್ತಾರೆ. ಅದು ಹೇಗೆ ಒಪ್ಪಿಸಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಬರೆದರೆ ನನಗೇ ಆ ದರ ಸಿಗಲ್ಲ! ಮುಂದಿನ ಭಾನುವಾರ ರಿಪೋರ್ಟನ್ನು ಎದುರು ಕೂರಿಸಿಕೊಂಡೇ ಹೇಳುತ್ತೇವೆ. ಫೋನಲ್ಲಿ ಹೇಳಿದರೆ ಅವತ್ತೇ ರಾತ್ರಿ ಊರಿನ ಬಸ್ಸು ಹತ್ತಿರುತ್ತಾರೆ.

ಜನರನ್ನು ಚೇರಿಗೆ ತರೋದು ಹೇಗೆ? "ತಂಬಾಕು ಹಾಕ್ತೀರಾ?" ಅಂದರೆ ಎಲ್ಲರೂ ಇಲ್ಲ ಅಂತಾರೆ. "ಯಾವ ಪಕ್ಕ ಇಡ್ತೀರಿ?" ಅಂತ ಕೇಳಿ, ಕೈ ತಾನಾಗಿ ಕೆನ್ನೆಗೆ ಹೋಗುತ್ತದೆ. ಮೊದಲು ಅಲ್ಲೇ ನೋಡಿ. ಗಂಡಸರ ವಿಷಯ ಹೆಂಡತಿಯರನ್ನು ಕೇಳಬೇಕು, ತಂಬಾಕಿನ ಸುದ್ದಿ ಎತ್ತದೆ. "ಅಕ್ಕಾ, ಈಚೆಗೆ ಯಜಮಾನ್ರು ಸಾರು ಖಾರ ಅಂತಾರಾ?" "ಹೌದ್ರೀ ಮೇಡಮ್, ಮೊದಲಿನಷ್ಟೇ ಖಾರ ಹಾಕಿದ್ರೂ ದಿನಾ ಜಗಳ ತಗೀತಾನ್ರೀ." ಅಷ್ಟು ಸಾಕು, ಅವನ ಬಾಯಿ ಬಿಗಿಯಾಗಲು ಶುರುವಾಗಿದೆ ಅಂತ ಅರ್ಥ. ಪಾನಿಪುರಿ ಇಡಿಯಾಗಿ ಹೋಗುತ್ತಾ ಅಂತ ಆಮೇಲೆ ಕೇಳಿ. ನಮ್ಮ ಓಎಸ್‌ಎಂಎಫ್ (ಅಡಿಕೆ ಅಗಿದು ಬಾಯಿ ಬಿಗಿದುಕೊಳ್ಳುವ ಕಾಯಿಲೆ) ಕೇಸುಗಳಲ್ಲಿ ಅರ್ಧಕ್ಕರ್ಧ ಹೀಗೆ ಹೆಂಡತಿಯರೇ ಹಿಡಿದುಕೊಟ್ಟವು.

ಮಧ್ಯೆ ಒಂದಷ್ಟು ಆಟವೂ ಆಡಿದೆ. ಅನುಮಾನದ ಜಾಗಕ್ಕೆ ನೀಲಿ ಹಿಡಿಸುವ ಟೊಲುಯ್ಡಿನ್ ಬ್ಲೂ ಬಣ್ಣ ಹಾಕಿ ನೋಡಿದೆ. ಎಲೆಅಡಿಕೆ ಬಾಯಲ್ಲಿ ಎಲ್ಲ ಕಡೆ ನೀಲಿ ಹಿಡಿದು ಯಾವುದು ಏನು ಗೊತ್ತಾಗಲಿಲ್ಲ, ಒಂದೇ ತಿಂಗಳಲ್ಲಿ ಬಿಟ್ಟುಬಿಟ್ಟೆ. ಆಶಾ ಕಾರ್ಯಕರ್ತೆಯರಿಂದ ವಾಟ್ಸಾಪಿನಲ್ಲಿ ಬಾಯಿಯ ಫೋಟೊ ತರಿಸಿದೆ. ಎಂಜಲಿನ ಹೊಳಪೇ ಬಿಳಿ ಪ್ಯಾಚ್ ಥರ ಕಾಣುತ್ತಿತ್ತು. ಗಾಜ್ ಬಟ್ಟೆಯಲ್ಲಿ ಒರೆಸಿ, ಫ್ಲ್ಯಾಶ್ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿಸಿದ ಮೇಲೆ ಕೆಲಸಕ್ಕೆ ಬಂತು. ಗೂಡಂಗಡಿಯಲ್ಲಿ ನಮ್ಮ ಪೋಸ್ಟರ್ ಅಂಟಿಸಿದ್ದಕ್ಕೆ ಬಂದ ಒಬ್ಬನೇ ಒಬ್ಬ ಅಂದರೆ ಆ ಅಂಗಡಿಯವನು.

ಎರಡು ವರ್ಷದಲ್ಲಿ ನೋಡಿದ ಬಾಯಿಗಳು ನಾಲ್ಕು ಸಾವಿರದ ಮೇಲೆ, ಬಯಾಪ್ಸಿ ಇನ್ನೂರೈವತ್ತರ ಹತ್ತಿರ. ಅದರಲ್ಲಿ ಕ್ಯಾನ್ಸರ್ ಇಪ್ಪತ್ತು ಚಿಲ್ಲರೆ, ಬಹುಪಾಲು ಇನ್ನೂ ಚಿಕ್ಕವು. ನನ್ನ ದುಡಿಮೆ ಬಿಟ್ಟು ಎಲ್ಲ ಸೇರಿಸಿದರೂ ಒಂದು ಬಯಾಪ್ಸಿಗೆ ಎರಡು ಸಾವಿರದ ಆಸುಪಾಸು ಬೀಳುತ್ತದೆ. ಶಿಬಿರದ ಕಾಲದಲ್ಲಿ ಅದೇ ಹನ್ನೆರಡು ಸಾವಿರಕ್ಕೆ ಕಮ್ಮಿ ಇರಲಿಲ್ಲ. ಬೇಕಾದವರು ಲೆಕ್ಕದ ಪುಸ್ತಕ ತೆಗೆದು ನೋಡಬಹುದು.

ಕ್ಯಾನ್ಸರ್ ಅಂತ ಬಂದವರನ್ನು ಬರೀ ರಿಪೋರ್ಟ್ ಕೊಟ್ಟು ಕಳಿಸಬೇಡಿ. ತುಣುಕನ್ನು ಮೇಣದಲ್ಲಿಟ್ಟ ಬ್ಲಾಕು, ಅದರಿಂದ ಮಾಡಿದ ಸ್ಲೈಡು ಕೈಯಲ್ಲಿರಲಿ. ಆಸ್ಪತ್ರೆಯ ಪೆಥಾಲಜಿಯವರು ಅದನ್ನೇ ನೋಡಿದರೆ ಮತ್ತೊಮ್ಮೆ ಕತ್ತರಿಸುವುದು ತಪ್ಪುತ್ತದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಕಾರ್ಡು ಊರಲ್ಲಿ ಅಜ್ಜಿಯ ಟ್ರಂಕಿನಲ್ಲಿರುತ್ತದೆ. ಹಾಗಾಗಿ ಬಯಾಪ್ಸಿ ಮಾಡಿದ ದಿನವೇ ಊರಿಗೆ ಫೋನ್ ಹಚ್ಚಿಸಿ ಕಾರ್ಡು ಕಳಿಸಲು ಹೇಳಿಸುತ್ತೇವೆ, ರಿಪೋರ್ಟಿಗೆ ಕಾಯಲ್ಲ. ಜೊತೆಗೆ ಹೋಗಲು ಒಬ್ಬ ಅಕ್ಕ ಇದ್ದಾರೆ, ತಾವೇ ಕೆನ್ನೆಯ ಆಪರೇಷನ್ ಆದವರು, ದಿನಕ್ಕೆ ಆರುನೂರು ಕೊಡುತ್ತೇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರ ಬಸ್ ಖರ್ಚೂ ಇಲ್ಲ. ನಾನು ಅರ್ಧ ಗಂಟೆ ಹೇಳಿದರೂ ಅಲ್ಲಾಡದ ಗಂಡಸರು ಆಕೆ ಸೆರಗು ಸರಿಸಿ ಹೊಲಿಗೆಯ ಗುರುತು ತೋರಿಸಿದರೆ ಚಪ್ಪಲಿ ಮೆಟ್ಟುತ್ತಾರೆ.

ಇನ್ನೂ ಕೈಗೆ ಸಿಗದಿರೋದು ಡಿಸ್‌ಪ್ಲೇಸಿಯಾ (ಇನ್ನೂ ಕ್ಯಾನ್ಸರ್ ಆಗದ, ಮುಂದೆ ಆಗಬಹುದಾದ ಬದಲಾವಣೆ) ಅಂತ ರಿಪೋರ್ಟ್ ಬಂದವರು. ಆರು ತಿಂಗಳಿಗೊಮ್ಮೆ ನೋಡಬೇಕು, ಆದರೆ ಮುಂಗಾರಿಗೆ ಬಿತ್ತನೆ ಅಂತ ಊರಿಗೆ ಹೋದವರು ವಾಪಸ್ ಬಂದಾಗ ಬೇರೆ ಸೈಟು, ಬೇರೆ ಮೇಸ್ತ್ರಿ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಆದ ಹಾಗೆ ಒಂದೇ ದಿನಕ್ಕೆ ಶೆಡ್‌ಗಳೇ ನೆಲಸಮ ಆಗುವುದೂ ಉಂಟು. ಅದಕ್ಕೇ ಶೆಡ್ ವಿಳಾಸ ಬರೆಯೋದು ಬಿಟ್ಟು ಮೇಸ್ತ್ರಿಯ ನಂಬರು, ಊರಲ್ಲಿರುವ ಒಬ್ಬರ ನಂಬರು ಬರೆದುಕೊಳ್ಳುತ್ತೇವೆ. ಯಾದಗಿರಿ, ಶಹಾಪುರ, ಸುರಪುರ ಕಡೆ ಪ್ರಾಕ್ಟೀಸ್ ಮಾಡುವ ದಂತವೈದ್ಯರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿಸಿ, ಬಿತ್ತನೆಗೆ ಬರುವವರ ಪಟ್ಟಿ ಮೇ ತಿಂಗಳಲ್ಲೇ ಕಳಿಸುತ್ತೇನೆ. ಪಂಚ್, ಬಾಟ್ಲಿ, ಲ್ಯಾಬ್ ಖರ್ಚು ನಮ್ಮದು.