ಕಾಯುವ ಯಂತ್ರದ ಬಳಿ ಪಿಯಾನೊ ಕಲಿತದ್ದು

ನಲವತ್ತೊಂದನೆಯ ವಯಸ್ಸಿನಲ್ಲಿ 61 ಕೀಗಳ ಕೀಬೋರ್ಡ್ ಒಂದನ್ನು ಕೊಂಡು ತಂದೆ. ಪಿಯಾನೊಗೆ 88 ಇರುತ್ತವೆ ಎಂದು ಗೊತ್ತಿತ್ತು. ಬಾಡಿಗೆ ಮನೆಯ ಊಟದ ಮೇಜಿನ ಮೇಲೆ 61 ಹಿಡಿಸಿದ್ದೇ ಹೆಚ್ಚು. ಕಚೇರಿಯಿಂದ ಮನೆ ಸೇರುವಾಗ ರಾತ್ರಿ ಎಂಟಾಗುತ್ತದೆ, ಆ ಹೊತ್ತಿನಲ್ಲಿ ಪಾಠ ಹೇಳುವ ಮೇಷ್ಟರು ಎಲ್ಲಿ ಸಿಗುತ್ತಾರೆ? ಕೀಬೋರ್ಡನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಬಣ್ಣದ ಪಟ್ಟಿಗಳು ಮೇಲಿನಿಂದ ಜಾರಿ ಬೀಳುವ ತಂತ್ರಾಂಶವೊಂದನ್ನು ಹಾಕಿಕೊಂಡೆ. ಪಟ್ಟಿ ಯಾವ ಕೀಯ ಮೇಲೆ ಬೀಳುತ್ತದೋ ಅದನ್ನು ಒತ್ತಬೇಕು, ಅಷ್ಟೇ.

ಮೊದಲ ತೊಂದರೆ ಸದ್ದಿನದು. ಒತ್ತಿದ ಸ್ವರ ಲ್ಯಾಪ್‌ಟಾಪಿನಿಂದ ತುಸು ತಡವಾಗಿ ಬರುತ್ತಿತ್ತು. ನಾಲ್ಕು ದಿನ ನನ್ನ ಕೈಯನ್ನೇ ಬೈದುಕೊಂಡೆ. ಲ್ಯಾಪ್‌ಟಾಪಿನ ಸದ್ದನ್ನು ಅಡಗಿಸಿ ಕೀಬೋರ್ಡಿನ ಸ್ವಂತ ಸ್ಪೀಕರನ್ನು ಬಳಸಿದ ಮೇಲೆ ಸರಿಹೋಯಿತು.

ಕಲಿಯಲು ಆರಿಸಿಕೊಂಡದ್ದು ಯುರೋಪಿನ ಹಳೆಯ ನೃತ್ಯಸಂಗೀತದ ಒಂದು ತುಣುಕು, ಜಿ ಮೇಜರ್‌ನ ಮಿನುಯೆಟ್. ಜರ್ಮನಿಯ ಸಂಗೀತ ರಚನಕಾರ ಬಾಖ್ ತನ್ನ ಹೆಂಡತಿ ಆನಾ ಮಾಗ್ಡಲೇನಾಗೆ ಕೊಟ್ಟ 1725ರ ಪುಸ್ತಕದಲ್ಲಿದೆ. ಬಹುಕಾಲ ಬಾಖ್‌ನದೇ ಎಂದುಕೊಂಡಿದ್ದರು, ನಿಜಕ್ಕೂ ಕ್ರಿಸ್ಟಿಯಾನ್ ಪೆಟ್ಸೋಲ್ಡ್‌ನದು. ಒಟ್ಟು 32 ಬಾರ್. ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಆವರ್ತ. ಇಲ್ಲಿ ಒಂದೊಂದಕ್ಕೆ ಮೂರು ಎಣಿಕೆ.

ತಂತ್ರಾಂಶದಲ್ಲಿ ಒಂದು ಸೌಕರ್ಯವಿತ್ತು: ಸರಿಯಾದ ಕೀ ಒತ್ತುವವರೆಗೆ ಪಟ್ಟಿ ಅಲ್ಲೇ ನಿಂತು ಕಾಯುತ್ತದೆ. ಎರಡು ತಿಂಗಳಲ್ಲಿ ಇಡೀ ಮಿನುಯೆಟ್ ಬಂತೆಂದು ಬೀಗುತ್ತಿದ್ದೆ. ಒಂದು ಭಾನುವಾರ ಅಮ್ಮ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು.

“ಮೂರನೆಯ ಎಣಿಕೆಗೆ ಬಂದಾಗಲೆಲ್ಲ ಯಾರಿಗೋಸ್ಕರ ನಿಲ್ಲುತ್ತೀಯ?”

“ನಾನು ನಿಲ್ಲುತ್ತಿಲ್ಲ ಅಮ್ಮ, ಅದು ನನಗೋಸ್ಕರ ನಿಂತಿದೆ.”

“ತಾಳ ಎಲ್ಲಾದರೂ ನಿಲ್ಲುತ್ತದೆಯೇ?”

ಚಿಕ್ಕಂದಿನಲ್ಲಿ ಅವಳೇ ನನಗೆ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಹೇಳಿಕೊಟ್ಟವಳು. ಮಾತು ನಾಟಿತು. ಅದೇ ವಾರ ಲ್ಯಾಪ್‌ಟಾಪ್ ಮುಚ್ಚಿ ಕುಳಿತರೆ ಎರಡನೆಯ ಬಾರ್‌ನಾಚೆ ಏನೂ ನೆನಪಿಗೆ ಬರಲಿಲ್ಲ. ನನ್ನ ಕಣ್ಣಿಗೆ ಪಟ್ಟಿ ಹಿಡಿಯುವುದು ಗೊತ್ತಿತ್ತು, ಕಿವಿಗೆ ಹಾಡು ಗೊತ್ತಿರಲಿಲ್ಲ.

ಮತ್ತೆ ಮೊದಲಿನಿಂದ ಶುರುಮಾಡಿದೆ, ಈ ಸಲ ಬೆರಳಿನಿಂದ. ಷಡ್ಜವನ್ನು ಸಿ ಎಂಬ ಬಿಳಿ ಕೀಯ ಮೇಲೆ ಇಟ್ಟುಕೊಂಡರೆ ಶಂಕರಾಭರಣ ರಾಗವೆಲ್ಲ ಬಿಳಿ ಕೀಗಳಲ್ಲೇ ಮುಗಿಯುತ್ತದೆ. ಮಾಯಾಮಾಳವಗೌಳದಲ್ಲಿ ರಿ ಮತ್ತು ದ ಮಾತ್ರ ಕಪ್ಪಿಗೆ ಹೋಗುತ್ತವೆ. ಸ್ವರವನ್ನು ತೂಗಿ ಜಾರಿಸುವ ಗಮಕದ ಆಸೆ ಬಿಡಬೇಕು, ಈ ವಾದ್ಯಕ್ಕೆ ಅದು ಒಲಿಯದು. ಬಲಗೈಯಲ್ಲಿ ಹೆಬ್ಬೆರಳು 1, ಕಿರುಬೆರಳು 5. ಮೂರು ಸ್ವರ ನುಡಿಸಿದ ಮೇಲೆ ಹೆಬ್ಬೆರಳು ಉಳಿದ ಬೆರಳುಗಳ ಕೆಳಗೆ ನುಸುಳಿ ನಾಲ್ಕನೆಯದನ್ನು ಹಿಡಿಯಬೇಕು. ಬೀಳುವ ಪಟ್ಟಿ ಇದನ್ನು ನನಗೆ ಹೇಳಿರಲಿಲ್ಲ. ಯೂಟ್ಯೂಬಿನಲ್ಲಿ ಕೈಯನ್ನು ಮೇಲಿನಿಂದ ತೋರಿಸುವ ವಿಡಿಯೊಗಳನ್ನು ಅರ್ಧ ವೇಗದಲ್ಲಿ ಓಡಿಸಿ ಕಲಿತೆ. ಸರಳೆಯನ್ನು ಮೂರು ಕಾಲದಲ್ಲಿ ಹಾಡುತ್ತಿದ್ದ ಅಭ್ಯಾಸ ಇಲ್ಲಿ ಕೈಹಿಡಿಯಿತು.

ಆಮೇಲೆ ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಮಿನುಯೆಟ್‌ನ ಸ್ವರಲಿಪಿಯನ್ನು ಒಂದೊಂದೇ ಸ್ವರವಾಗಿ ನಾನೇ ನಕಲು ಮಾಡಿದೆ. ಮಗ್ಗಿ ಬರೆದಷ್ಟೇ ಬೇಸರದ ಕೆಲಸ. ಆದರೆ ಐದು ಗೆರೆಗಳನ್ನು ಓದಲು ಬಂದದ್ದು ಅದರಿಂದಲೇ. ತಪ್ಪು ಬರೆದರೆ ಮರಳಿ ನುಡಿಸಿದಾಗ ಕಿವಿಗೆ ಚುಚ್ಚುತ್ತದೆ. ದಿನಕ್ಕೆ ನಾಲ್ಕು ಬಾರ್, ಬಲಗೈ ಬೇರೆ, ಎಡಗೈ ಬೇರೆ. ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮ್ ನಿಮಿಷಕ್ಕೆ 50 ಬಡಿತದಲ್ಲಿ. ಎರಡೂ ಕೈ ಸೇರಿಸಿದಾಗ ಮತ್ತೆ 40ಕ್ಕೆ ಇಳಿಸುತ್ತಿದ್ದೆ.

ಯಾವ ತಂತ್ರಾಂಶವೂ ಹೇಳದ ಇನ್ನೊಂದು ವಿಷಯ ಮಣಿಕಟ್ಟಿನ ನೋವು. ಮೊಬೈಲನ್ನು ಪಕ್ಕದಲ್ಲಿಟ್ಟು ಚಿತ್ರೀಕರಿಸಿ ನೋಡಿದರೆ ಮಣಿಕಟ್ಟು ಕುಸಿದು, ಭುಜ ಕಿವಿಯ ಹತ್ತಿರಕ್ಕೆ ಏರಿತ್ತು. ಊಟದ ಮೇಜು ಎತ್ತರ, ಕುರ್ಚಿ ಗಿಡ್ಡ. ಎರಡು ದಿಂಬು ಹಾಕಿಕೊಂಡು, ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಕುಳಿತ ಮೇಲೆ ನೋವು ಇಳಿಯಿತು. ಒಳ್ಳೆಯ ಮೇಷ್ಟರಿದ್ದಿದ್ದರೆ ಮೊದಲ ದಿನವೇ ಹೇಳುತ್ತಿದ್ದರು.

ಈಗ ಮೊದಲ ಹದಿನಾರು ಬಾರ್‌ಗಳನ್ನು 96ರ ವೇಗದಲ್ಲಿ, ಪರದೆ ನೋಡದೆ ನುಡಿಸುತ್ತೇನೆ. 20ನೆಯ ಬಾರ್‌ನಲ್ಲಿ ಸಿ ಶಾರ್ಪ್, ಅಂದರೆ ಸಿಯ ಬಲಕ್ಕಿರುವ ಕಪ್ಪು ಕೀ, ಬಂದಾಗ ಕೈ ಈಗಲೂ ತಡವರಿಸುತ್ತದೆ. ಆಗ ಅಡುಗೆಮನೆಯಿಂದ ಚಮಚದ ತಕಿಟ, ತಕಿಟ ಕೇಳಿಸುತ್ತದೆ. ಅದು ನಿಲ್ಲುವುದಿಲ್ಲ, ನಾನೇ 21ಕ್ಕೆ ಹಾರಿ ಸೇರಿಕೊಳ್ಳಬೇಕು.