ಬೆಂಗಳೂರಿನ ವಲಸೆ ಕಾರ್ಮಿಕರ ಮಧ್ಯೆ ಸೇವೆಗೆ ಬರೋ ಯೂತ್ ಟೀಮ್ ಹೆಂಗೆ ತಯಾರಾಗ್ಬೇಕು

ಬೇಸಿಗೆ ರಜೆ ಬಂತು ಅಂದ್ರೆ ಹಾಸನ, ಗದಗ, ಉಡುಪಿ, ಕೊಳ್ಳೇಗಾಲ ಕಡೆ ಸಭೆಗಳಿಂದ, ಅಂದ್ರೆ ಚರ್ಚ್‌ಗಳಿಂದ, ಯೂತ್‌ನವರು ಮಿಷನ್ ಟ್ರಿಪ್ ಅಂತ ಬೆಂಗಳೂರಿಗೆ ಬರ್ತಾರೆ, ವೈಟ್‌ಫೀಲ್ಡ್, ಮಾರತ್‌ಹಳ್ಳಿ, ಬೆಳ್ಳಂದೂರು ಸುತ್ತಮುತ್ತ ಶೆಡ್‌ಗಳಲ್ಲಿರೋ ಕೂಲಿಯವರ ಮಧ್ಯೆ ಏನಾದ್ರೂ ಸೇವೆ ಮಾಡ್ಬೇಕು ಅಂತ. ನಾನಿರೋದು ಈ ಕಡೆನೇ, ನಮ್ಮ ಸಭೆ ಹಿಂಗೆ ಬರೋ ಟೀಮ್‌ಗಳನ್ನ ಉಳಿಸ್ಕೊಳ್ಳುತ್ತೆ, ಹಂಗಾಗಿ ಹೊರಡೋ ಮುಂಚೆ ಏನೇನು ತಯಾರಿ ಬೇಕು ಅನ್ನೋದನ್ನ ಒಂದು ಕಡೆ ಬರೆದಿಡ್ತಿದೀನಿ. ಇದ್ರಲ್ಲಿ ಮುಖ್ಯವಾದದ್ದು ಒಂದೇ: ನೀವು ಇರೋದು ಐದಾರು ದಿನ, ಆಮೇಲೂ ಆ ಜನರ ಜೊತೆ ಇರೋದು ಇಲ್ಲಿನ ಸಭೆಯವರು, ಅವರ ಕೆಲಸಕ್ಕೆ ಹೆಗಲು ಕೊಡೋಕೆ ಅಂತಲೇ ಬನ್ನಿ.

ಮೊದಲು ಸಭೆ, ಆಮೇಲೆ ಟಿಕೆಟ್

ಎಷ್ಟೋ ಟೀಮ್‌ಗಳು ತಾರೀಖು ಫಿಕ್ಸ್ ಮಾಡಿ, ಟಿಕೆಟ್ ಮಾಡಿಸಿ, ಆಮೇಲೆ ಫೋನ್ ಮಾಡಿ ನಮಗೆ ಏನಾದ್ರೂ ಪ್ರೋಗ್ರಾಮ್ ಕೊಡಿ ಅಂತ ಕೇಳ್ತಾರೆ. ಇದನ್ನ ತಿರುಗಿಸಿ ಮಾಡಿ. ಮೂರ್ನಾಲ್ಕು ತಿಂಗಳು ಮುಂಚೆನೇ ನಿಮ್ಮ ಅಯ್ಯನವರ (ಪಾಸ್ಟರ್) ಮೂಲಕ ಇಲ್ಲಿ ಈಗಾಗ್ಲೇ ಶೆಡ್‌ಗಳಿಗೆ ಹೋಗಿ ಬರ್ತಿರೋ ಸಭೆ ಒಂದನ್ನ ಹುಡುಕಿ, ಅವರನ್ನ ಕೇಳಿ, ನಿಮಗೆ ಯಾವ ಕೆಲಸಕ್ಕೆ ಜನ ಬೇಕು, ಯಾವಾಗ ಬೇಕು ಅಂತ. ಅವರು ಈ ಸಲ ಬೇಡ ಅಂದ್ರೆ ಬೇಜಾರು ಮಾಡ್ಕೋಬೇಡಿ, ಒಂದೇ ಶೆಡ್ ಸಾಲಿಗೆ ಒಂದೇ ತಿಂಗಳಲ್ಲಿ ಮೂರು ಟೀಮ್ ನುಗ್ಗಿದ್ರೆ ಅಲ್ಲಿರೋರಿಗೆ ಅದು ಹಿಂಸೆ ಆಗುತ್ತೆ. ಆರೇಳು ಜನರ ಟೀಮ್ ಸಾಕು, ಅದ್ರಲ್ಲಿ ಅರ್ಧ ಹೆಣ್ಮಕ್ಕಳಿದ್ರೆ ತುಂಬಾ ಒಳ್ಳೇದು, ಯಾಕಂದ್ರೆ ಗಂಡಸರು ಕೆಲಸಕ್ಕೆ ಹೋದಾಗ ಶೆಡ್‌ನಲ್ಲಿರೋ ತಾಯಂದಿರ ಹತ್ರ ಕೂತು ಮಾತಾಡೋಕೆ ಅವರಿಗೇ ಆಗೋದು.

ತಾರೀಖು ಗೊತ್ತು ಮಾಡೋವಾಗ ನಿಮ್ಮ ರಜೆ ಒಂದನ್ನೇ ನೋಡ್ಬೇಡಿ. ಬಿಹಾರದವರು ದೀಪಾವಳಿ ಆದ್ಮೇಲೆ ಬರೋ ಛಠ್ ಹಬ್ಬಕ್ಕೆ ಊರಿಗೆ ಹೋಗ್ತಾರೆ, ಬಂಗಾಳದವರಲ್ಲಿ ಕೆಲವರು ದುರ್ಗಾ ಪೂಜೆಗೆ, ಕೆಲವರು ಈದ್‌ಗೆ, ಅಸ್ಸಾಂನವರು ಬಿಹುಗೆ, ನಮ್ಮ ಕಲಬುರಗಿ ಕಡೆಯವರು ಎಳ್ಳಮಾವಾಸ್ಯೆಗೆ ಮತ್ತೆ ಮುಂಗಾರು ಬಿತ್ತನೆಗೆ. ಎಲೆಕ್ಷನ್ ಬಂದ್ರಂತೂ ಸಾಲು ಸಾಲು ಶೆಡ್ ಖಾಲಿ. ದಿನದಲ್ಲೂ ಅಷ್ಟೇ, ಬೆಳಗ್ಗೆ ಒಂಬತ್ತಕ್ಕೆ ಹೋದ್ರೆ ದುಡಿಯೋರು ಯಾರೂ ಸಿಗಲ್ಲ, ಸಂಜೆ ಆರೂವರೆ ಮೇಲೆ ಕೆಲಸ ಮುಗಿಸಿ ಬಂದು, ಸ್ನಾನ ಮಾಡಿ, ಒಲೆ ಹಚ್ಚೋ ಹೊತ್ತಿಗೆ ಹೋಗ್ಬೇಕು, ಅದೂ ಒಂದು ಗಂಟೆ ಒಳಗೆ ಎದ್ದು ಬರ್ಬೇಕು. ಬಟವಾಡೆ ದಿನ ಯಾವ್ದು ಅಂತ ಮೊದ್ಲೇ ಕೇಳ್ಕೊಳ್ಳಿ, ಅವತ್ತು ಎಲ್ರೂ ಸಂತೆಗೆ ಹೋಗಿರ್ತಾರೆ. ಲೇಬರ್ ಕಾಲೊನಿ ಬಿಲ್ಡರ್ ಜಾಗದಲ್ಲಿದ್ರೆ ಮೇಸ್ತ್ರಿ ಅಥವಾ ಗುತ್ತಿಗೆದಾರರ ಒಪ್ಪಿಗೆ ಇಲ್ಲದೆ ಗೇಟ್ ಒಳಗೆ ಕಾಲಿಡ್ಬೇಡಿ, ನೀವು ಹೋದ್ಮೇಲೆ ಬೈಸ್ಕೊಳ್ಳೋರು ಒಳಗಿರೋ ಕೂಲಿಯವರು.

ಯಾರ ಹತ್ರ ಹೋಗ್ತಿದೀವಿ ಅಂತ ತಿಳ್ಕೊಳ್ಳಿ

ವಲಸೆ ಕಾರ್ಮಿಕರು ಅಂತ ಒಂದೇ ಹೆಸರಲ್ಲಿ ಕರೀತೀವಿ, ಆದ್ರೆ ಒಂದು ಶೆಡ್ ಸಾಲಿಗೂ ಇನ್ನೊಂದಕ್ಕೂ ಸಂಬಂಧನೇ ಇರಲ್ಲ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಗಂಡ ಹೆಂಡ್ತಿ ಮಕ್ಕಳು ಸಮೇತ ಬಂದು ಗಾರೆ ಕೆಲಸ, ಮಣ್ಣು ಕೆಲಸ ಮಾಡೋರು ಒಂದು ಕಡೆ. ಬಿಹಾರ, ಒಡಿಶಾದಿಂದ ಗಂಡಸರು ಮಾತ್ರ ಬಂದು ಸೆಂಟ್ರಿಂಗ್, ಕಬ್ಬಿಣ ಕಟ್ಟೋ ಕೆಲಸ ಮಾಡ್ತಾ ಒಂದೇ ರೂಮಲ್ಲಿ ಎಂಟತ್ತು ಜನ ಮಲಗೋರು ಇನ್ನೊಂದು ಕಡೆ. ಪಶ್ಚಿಮ ಬಂಗಾಳದ ನದಿಯಾ, ಮುರ್ಶಿದಾಬಾದ್ ಕಡೆಯವರು ಕಸ ವಿಂಗಡಿಸೋ ಕೆಲಸದಲ್ಲಿ, ಮನೆಗೆಲಸದಲ್ಲಿ ಇದಾರೆ, ಅಸ್ಸಾಂನವರು ಸೆಕ್ಯೂರಿಟಿ ಮತ್ತೆ ಹೋಟೆಲ್‌ಗಳಲ್ಲಿ, ನೇಪಾಳದವರು ಅಪಾರ್ಟ್‌ಮೆಂಟ್ ವಾಚ್‌ಮನ್ ರೂಮ್‌ಗಳಲ್ಲಿ. ನೀವು ಹೋಗೋ ಜಾಗದಲ್ಲಿ ಇವರಲ್ಲಿ ಯಾರಿದಾರೆ ಅನ್ನೋದರ ಮೇಲೆ ಭಾಷೆ, ಊಟ, ಟೈಮು ಎಲ್ಲಾ ನಿರ್ಧಾರ ಆಗುತ್ತೆ. ಯಾದಗಿರಿಯವರ ಹತ್ರ ಹೋಗಿ ಅರ್ಧಂಬರ್ಧ ಹಿಂದಿ ಮಾತಾಡೋ ಟೀಮ್ ನೋಡಿದೀನಿ, ಅವರು ಕನ್ನಡದವರು ಕಣ್ರಿ, ಬಾಯ್ತುಂಬಾ ಅಕ್ಕಾ, ಅಣ್ಣಾ, ಯವ್ವಾ ಅಂತ ಮಾತಾಡ್ಸಿ. ಹಿಂದಿಯವರಿಗೆ ಭಯ್ಯಾ, ದೀದಿ, ಬಂಗಾಳಿಗಳಿಗೆ ದಾದಾ, ದೀದಿ, ನೇಪಾಳಿಗಳಿಗೆ ದಾಯ್, ದಿದಿ, ಇಷ್ಟು ಕಲಿತು ಬಂದ್ರೂ ಮಾತು ಶುರುವಾಗುತ್ತೆ.

ಇನ್ನೊಂದು ವಿಷ್ಯ ನಮ್ಮ ಟೀಮ್‌ಗಳು ಮರೀತಾರೆ. ಇಲ್ಲಿಗೆ ಬಂದಿರೋರಲ್ಲಿ ಎಷ್ಟೋ ಜನ ಈಗಾಗ್ಲೇ ಕ್ರೈಸ್ತರು. ಜಾರ್ಖಂಡ್ ಕಡೆಯ ಛೋಟಾನಾಗ್ಪುರದ ಮುಂಡಾ, ಉರಾಂವ್, ಖಡಿಯಾ ಆದಿವಾಸಿ ಜನರ ಮಧ್ಯೆ ಸುವಾರ್ತೆ ಹೋಗಿದ್ದು 1845ರಲ್ಲಿ, ಗಾಸ್ನರ್ ಮಿಷನ್‌ನವರು ರಾಂಚಿಗೆ ಬಂದಾಗ. ನಮ್ಮ ಮಂಗಳೂರಿಗೆ ಬಾಸೆಲ್ ಮಿಷನ್ ಬಂದಿದ್ದು 1834, ಅಂದ್ರೆ ಹೆಚ್ಚೂ ಕಮ್ಮಿ ನಮ್ಮಷ್ಟೇ ಹಳೇ ವಿಶ್ವಾಸ ಅವರದ್ದು. ಒಡಿಶಾದ ಕಂಧಮಾಲ್‌ನಿಂದ ಬಂದಿರೋರಲ್ಲಿ 2008ರ ಗಲಭೆಲಿ ಮನೆ, ಚರ್ಚ್ ಸುಟ್ಟುಹೋಗಿದ್ದನ್ನ ಕಣ್ಣಾರೆ ಕಂಡವರೂ ಇರಬಹುದು. ಅಂಥವರ ಮುಂದೆ ನಿಂತು ಯೇಸು ಯಾರು ಗೊತ್ತಾ ಅಂತ ಶುರು ಮಾಡೋದು ಬೇಡ. ಅವರು ವಾರಕ್ಕೊಮ್ಮೆ ಒಂದು ರೂಮಲ್ಲಿ ಸೇರಿ ತಮ್ಮ ಭಾಷೆ ಸಾದ್ರಿಲೋ ಕುಯಿಲೋ ಹಾಡಿ ಪ್ರಾರ್ಥನೆ ಮಾಡ್ತಿದ್ರೆ, ಕರೆದ್ರೆ ಹೋಗಿ ಹಿಂದೆ ಕೂತ್ಕೊಳ್ಳಿ, ಅವರು ನಡೆಸ್ಲಿ.

ಆಮಿಷ ಅನ್ನೋ ವಿಷ್ಯ

ಇದನ್ನ ಟೀಮಿನ ಎಲ್ರೂ ಕೂತು ಓದ್ಲೇಬೇಕು. 2022ರಲ್ಲಿ ನಮ್ಮ ರಾಜ್ಯದಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು, ಜನ ಮತಾಂತರ ನಿಷೇಧ ಕಾಯ್ದೆ ಅಂತ ಕರೆಯೋದು ಇದನ್ನೇ. ಅದ್ರಲ್ಲಿ ಆಮಿಷ ಅನ್ನೋದರ ಅರ್ಥ ತುಂಬಾ ಅಗಲ, ಉಡುಗೊರೆ, ಹಣ, ಕೆಲಸ, ಉಚಿತ ಶಿಕ್ಷಣ, ಒಳ್ಳೇ ಜೀವನದ ಭರವಸೆ ಎಲ್ಲಾ ಸೇರುತ್ತೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನ ರದ್ದು ಮಾಡೋ ತೀರ್ಮಾನ ತಗೊಳ್ತು. ನೀವು ಹೊರಡೋ ಹೊತ್ತಿಗೆ ಕಾನೂನು ಯಾವ ಸ್ಥಿತಿಲಿದೆ ಅಂತ ಒಬ್ಬ ವಕೀಲರನ್ನ ಕೇಳಿ ಖಚಿತ ಮಾಡ್ಕೊಂಡೇ ಹೊರಡಿ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನ ಪಾಲಿಸೋಕೆ, ಹೇಳೋಕೆ ಹಕ್ಕು ಕೊಟ್ಟಿದೆ ನಿಜ, ಆದ್ರೆ ತೊಂದರೆ ಆದ್ರೆ ಅದು ಮೊದಲು ಬೀಳೋದು ಶೆಡ್‌ನವರ ಮೇಲೆ, ಆಮೇಲೆ ಇಲ್ಲಿನ ಸಭೆ ಮೇಲೆ.

ಕಾನೂನು ಒಂದು ಕಡೆ ಇರ್ಲಿ, ನಮ್ಮ ನಂಬಿಕೆನೇ ಇದಕ್ಕೆ ಒಪ್ಪಲ್ಲ. ಅಕ್ಕಿ ಪ್ಯಾಕೆಟ್ ಕೊಟ್ಟು ಪ್ರಾರ್ಥನೆಗೆ ಕೂರಿಸೋದು ಸುವಾರ್ತೆ ಅಲ್ಲ. ಲೂಕ 17ನೇ ಅಧ್ಯಾಯದಲ್ಲಿ ಹತ್ತು ಜನ ಕುಷ್ಠರೋಗಿಗಳು ವಾಸಿಯಾದ್ರು, ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು, ಹೊರಗಿನವನು. ಉಳಿದ ಒಂಬತ್ತು ಜನರ ಸ್ವಸ್ಥತೆಯನ್ನ ಯೇಸು ವಾಪಸ್ ಕಿತ್ಕೊಳ್ಳಲಿಲ್ಲ. ಹಂಗಾಗಿ ನಮ್ಮಲ್ಲಿ ಒಂದು ನಿಯಮ ಇದೆ, ಯಾವ ಸಹಾಯ ಮಾಡಿದ್ರೂ ಅದರ ಜೊತೆಗೆ ಕರಪತ್ರ ಇಡಲ್ಲ, ಪ್ರಾರ್ಥನೆ ಅವರಾಗಿ ಕೇಳಿದ್ರೆ ಮಾತ್ರ, ಅದೂ ಅವರು ಕೇಳಿದ ವಿಷ್ಯಕ್ಕೆ ಮಾತ್ರ. ಅವರಾಗೇ ನೀವು ಯಾಕೆ ಬರ್ತೀರಿ ಅಂತ ಕೇಳಿದಾಗ ನಿಮ್ಮ ನಂಬಿಕೆ ಬಗ್ಗೆ ನೇರವಾಗಿ ಹೇಳಿ, ಮುಚ್ಚಿಡೋದು ಏನೂ ಇಲ್ಲ. ಮಕ್ಕಳ ವಿಷ್ಯದಲ್ಲಿ ಇನ್ನೂ ಬಿಗಿ, ತಂದೆ ತಾಯಿಗೆ ಗೊತ್ತಿಲ್ಲದೆ ಹಾಡು, ಕಥೆ, ಪ್ರಾರ್ಥನೆ ಏನೂ ಬೇಡ, ಒಬ್ರೇ ಒಂದು ಮಗುವನ್ನ ಪಕ್ಕಕ್ಕೆ ಕರ್ಕೊಂಡು ಹೋಗೋದು ಯಾವತ್ತೂ ಬೇಡ, ಯಾವಾಗ್ಲೂ ಇಬ್ರು ದೊಡ್ಡವರು ಇರ್ಬೇಕು.

ಫೋಟೋ, ವಾಟ್ಸಾಪ್, ಗುರುತಿನ ಚೀಟಿ

ಫೋಟೋ ತೆಗೀಬೇಡಿ. ನಿಮ್ಮ ಸಭೆಲಿ ವರದಿ ಕೊಡೋಕೆ ಬೇಕು ಅನ್ಸುತ್ತೆ, ಗೊತ್ತು, ಆದ್ರೂ ಬೇಡ. 2020ರ ಜನವರಿಲಿ ಬೆಳ್ಳಂದೂರು ಹತ್ರ ಕರಿಯಮ್ಮನ ಅಗ್ರಹಾರದಲ್ಲಿ ಇಲ್ಲಿರೋರು ಬಾಂಗ್ಲಾದೇಶದವರು ಅಂತ ಸುದ್ದಿ ಹಬ್ಬಿ ಶೆಡ್‌ಗಳನ್ನ ನೆಲಸಮ ಮಾಡಿದ್ರು, ಅಲ್ಲಿದ್ದೋರಲ್ಲಿ ನಮ್ಮ ಉತ್ತರ ಕರ್ನಾಟಕದವರೇ ಎಷ್ಟೋ ಜನ ಇದ್ರು, ಆಮೇಲೆ ಹೈಕೋರ್ಟ್ ಮಧ್ಯೆ ಬರ್ಬೇಕಾಯ್ತು. 2012ರ ಆಗಸ್ಟ್‌ನಲ್ಲಿ ಬರೀ ಮೆಸೇಜ್‌ಗಳಿಂದ ಹಬ್ಬಿದ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿ ಹೋದ್ರು. ಇಷ್ಟೆಲ್ಲಾ ನೋಡಿರೋ ಜನರ ಮುಖ ನಿಮ್ಮ ಸ್ಟೇಟಸ್‌ನಲ್ಲಿ ಬರಬಾರದು. ಎಲ್ಲಿಯವರು ನೀವು ಅಂತ ಕೇಳೋವಾಗ್ಲೂ ಜಿಲ್ಲೆ ಹೆಸರು ಹೇಳಿದ್ರೆ ಅಲ್ಲಿಗೆ ನಿಲ್ಲಿಸಿ, ಆಧಾರ್ ಇದೆಯಾ, ಎಷ್ಟು ವರ್ಷ ಆಯ್ತು ಬಂದು, ಗಡಿ ಹತ್ರನಾ ನಿಮ್ಮೂರು, ಈ ತರ ಪ್ರಶ್ನೆ ಕೇಳಿದ್ರೆ ಪೊಲೀಸ್ ವಿಚಾರಣೆ ತರ ಆಗುತ್ತೆ, ಮುಂದೆ ಬಾಯೇ ಬಿಡಲ್ಲ.

ಕೈಗೆ ಏನು ಕೆಲಸ ಕಲಿತು ಬರ್ಬೇಕು

ಪಪೆಟ್ ಶೋ, ಆಕ್ಷನ್ ಸಾಂಗ್‌ಗೆ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ ಬರೋ ಬದ್ಲು, ಫಾರ್ಮ್ ತುಂಬೋದು ಕಲಿತು ಬನ್ನಿ. ನಿಜವಾಗ್ಲೂ ಹೇಳ್ತಿದೀನಿ, ಶೆಡ್‌ನಲ್ಲಿ ಜನ ಕೈ ಹಿಡಿದು ಕೇಳೋದು ಇದನ್ನೇ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಲಿ ಬಿಹಾರದ ಕಾರ್ಡ್ ತೋರಿಸಿ ಇಲ್ಲಿನ ನ್ಯಾಯಬೆಲೆ ಅಂಗಡಿಲಿ ಪಡಿತರ ತಗೋಬಹುದು, ಕಾರ್ಡ್‌ಗೆ ಆಧಾರ್ ಲಿಂಕ್ ಆಗಿರ್ಬೇಕು ಅಷ್ಟೇ, ಊರಲ್ಲಿರೋ ಮನೆಯವರು ಅವರ ಪಾಲನ್ನ ಅಲ್ಲೇ ತಗೋಬಹುದು. ಇದು ಗೊತ್ತಿಲ್ಲದೆ ಅಂಗಡಿಲಿ ದುಡ್ಡು ಕೊಟ್ಟು ಅಕ್ಕಿ ತರೋರು ಇದಾರೆ. ಅಸಂಘಟಿತ ಕಾರ್ಮಿಕರಿಗೆ ಅಂತ 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡ್ ಇದೆ, 18ರಿಂದ 60 ವಯಸ್ಸಿನೊಳಗಿದ್ದು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರ್ಬೇಕು, ಆ 90 ದಿನದ ಪ್ರಮಾಣ ಪತ್ರಕ್ಕೆ ಗುತ್ತಿಗೆದಾರರ ಹಿಂದೆ ಅಲೆಯೋದೇ ದೊಡ್ಡ ಕೆಲಸ, ಅದು ನಿಮ್ಮ ಐದು ದಿನದಲ್ಲಿ ಮುಗಿಯಲ್ಲ. ಹಂಗಾಗಿ ಆಗುತ್ತೆ, ಮಾಡಿಸ್ಕೊಡ್ತೀವಿ ಅಂತ ಮಾತು ಕೊಡ್ಬೇಡಿ, ಅರ್ಜಿ ಎಲ್ಲಿಗೆ ಬಂದಿದೆ ಅಂತ ಬರೆದಿಟ್ಟು ಸಭೆಯವರ ಕೈಗೆ ಕೊಡಿ. ಯಾರ ಓಟಿಪಿಯನ್ನೂ ನಿಮ್ಮ ಫೋನಲ್ಲಿ ತಗೋಬೇಡಿ, ಅವರ ದಾಖಲೆಗಳ ಫೋಟೋ ನಿಮ್ಮ ಗ್ಯಾಲರಿಲಿ ಉಳಿಬಾರದು.

ಮಕ್ಕಳ ವಿಷ್ಯಕ್ಕೆ ಬಂದ್ರೆ, ಟಿಸಿ ಇಲ್ಲ ಅಂತ, ಜನನ ಪ್ರಮಾಣ ಪತ್ರ ಇಲ್ಲ ಅಂತ ಸರ್ಕಾರಿ ಶಾಲೆಲಿ ಸೇರಿಸ್ಕೊಳ್ಳಲ್ಲ ಅನ್ನೋ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಲೇ ಇದೆ. ಹತ್ರದ ಅಂಗನವಾಡಿ, ಶಾಲೆ, ಟೆಂಟ್ ಶಾಲೆ ಎಲ್ಲಿದೆ ಅಂತ ಮೊದಲ ದಿನನೇ ನಡ್ಕೊಂಡು ಹೋಗಿ ನೋಡಿ, ಟೀಚರ್ ಹತ್ರ ಮಾತಾಡಿ, ಆಮೇಲೆ ತಾಯಂದಿರ ಜೊತೆ ಹೋಗಿ. ಗರ್ಭಿಣಿಯರಿಗೆ ತಾಯಿ ಕಾರ್ಡ್ ಆಗಿದೆಯಾ ಅಂತ ಹೆಣ್ಮಕ್ಕಳು ಮೆಲ್ಲಗೆ ಕೇಳಿ, ಇಲ್ಲ ಅಂದ್ರೆ ಆಶಾ ಕಾರ್ಯಕರ್ತೆಗೆ ತಿಳಿಸಿ ಅಥವಾ ಹತ್ರದ ಸರ್ಕಾರಿ ‘ನಮ್ಮ ಕ್ಲಿನಿಕ್’‌ಗೆ ಜೊತೆಗೆ ಹೋಗಿ. ಮೆಡಿಕಲ್ ಕ್ಯಾಂಪ್ ಅಂತ ಮಾತ್ರೆ ಹಂಚೋದು ಬೇಡ, ಡಾಕ್ಟರ್ ಇಲ್ಲದೆ ಹಂಚೋದಂತೂ ತಪ್ಪೇ. ಮಕ್ಕಳನ್ನ ದುಡಿಸ್ತಿರೋದೋ ಹೊಡಿಯೋದೋ ಕಣ್ಣಿಗೆ ಬಿದ್ರೆ ನೀವೇ ಜಗಳಕ್ಕೆ ಇಳೀಬೇಡಿ, ಸಭೆಯವರಿಗೆ ಹೇಳಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಈ ಎಲ್ಲಾದಕ್ಕೂ ಪ್ರಾಕ್ಟೀಸ್ ಬೇಕಂದ್ರೆ ನಿಮ್ಮೂರಲ್ಲೇ ಶುರು ಮಾಡಿ. ಮಲ್ಪೆ ಬಂದರಲ್ಲಿ ಬೋಟಿಗೆ ಹೋಗೋ ಒಡಿಶಾ, ಜಾರ್ಖಂಡ್‌ನ ಹುಡುಗರು ಇದಾರೆ, ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟಗಳ ಲೈನ್‌ಮನೆಲಿ ಅಸ್ಸಾಂನವರಿದಾರೆ. ಹೊರಡೋ ಮುಂಚೆ ಒಂದೆರಡು ತಿಂಗಳು ಭಾನುವಾರ ಆರಾಧನೆ ಮುಗಿದ್ಮೇಲೆ ಅಲ್ಲಿಗೆ ಹೋಗಿ ಬರೋರನ್ನ ಮಾತ್ರ ಟೀಮಿಗೆ ಸೇರಿಸ್ಕೊಳ್ಳಿ, ಯಾರಿಗೆ ನಿಜವಾದ ಮನಸ್ಸಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಒಟ್ಟಿಗೆ ಸತ್ಯವೇದ ಓದೋಕೆ ರೂತಳ ಪುಸ್ತಕ ತಗೊಳ್ಳಿ, ನಾಲ್ಕೇ ಅಧ್ಯಾಯ. ಮೋವಾಬಿನಿಂದ ಬಂದ ವಿಧವೆ ಬೇತ್ಲೆಹೇಮಿನ ಹೊಲದಲ್ಲಿ ತೆನೆ ಆಯ್ತಾಳೆ, ಬೋವಜ ತನ್ನ ಆಳುಗಳಿಗೆ ಅವಳನ್ನ ಮುಟ್ಟಬೇಡಿ, ಬಾಯಾರಿದ್ರೆ ನೀರು ಕುಡೀಲಿ, ಬೇಕಂತಲೇ ತೆನೆ ಬಿಟ್ಟು ಹೋಗಿ ಅಂತಾನೆ. ಕೂಲಿಗೆ ಬಂದ ಹೊರಗಿನ ಹೆಣ್ಣುಮಗಳಿಗೆ ಏನು ಬೇಕು ಅನ್ನೋದು ಅಷ್ಟರಲ್ಲೇ ಇದೆ, ಸುರಕ್ಷತೆ, ನೀರು, ಮರ್ಯಾದೆಯಿಂದ ದುಡಿದು ತಿನ್ನೋ ಅವಕಾಶ.

ಬ್ಯಾಗ್ ಮತ್ತೆ ಓಡಾಟ

ಗಟ್ಟಿ ಶೂ ಬೇಕೇ ಬೇಕು, ಸೈಟ್ ಸುತ್ತ ಮೊಳೆ, ಕಬ್ಬಿಣದ ಚೂರು ಬಿದ್ದಿರುತ್ತೆ, ಟಿಟಿ ಇಂಜೆಕ್ಷನ್ ಹಾಕಿಸ್ಕೊಂಡು ಬನ್ನಿ. ಸೊಳ್ಳೆಗೆ ಕ್ರೀಮ್, ಕುಡಿಯೋ ನೀರಿನ ಬಾಟಲಿ, ಟಾರ್ಚ್, ಸಾದಾ ಬಟ್ಟೆ. ಸಭೆ ಹೆಸರು ಬರೆದಿರೋ ಒಂದೇ ಬಣ್ಣದ ಟೀ ಶರ್ಟ್ ಬೇಡ. ಮಲಗೋದು ಚರ್ಚ್ ಹಾಲ್‌ನಲ್ಲಿ, ಚಾಪೆ ಹೊದಿಕೆ ತನ್ನಿ. ಕರ್ನಾಟಕದ ಹೆಣ್ಮಕ್ಕಳು ಆಧಾರ್ ಇಟ್ಕೊಂಡ್ರೆ ಶಕ್ತಿ ಯೋಜನೆಲಿ ಬಸ್ ಫ್ರೀ, ಆದ್ರೆ ಹೊರ ರಾಜ್ಯದ ಅಕ್ಕಂದಿರ ಜೊತೆ ಆಸ್ಪತ್ರೆಗೋ ಆಫೀಸಿಗೋ ಹೋಗೋವಾಗ ಅವರಿಗೆ ಟಿಕೆಟ್ ತಗೋಬೇಕು ಅನ್ನೋದು ನೆನಪಿರ್ಲಿ, ಅದಕ್ಕೂ ಸ್ವಲ್ಪ ದುಡ್ಡು ಎತ್ತಿಡಿ. ಶೆಡ್‌ನಲ್ಲಿ ಟೀ ಕೊಟ್ರೆ ಕುಡೀರಿ, ಬೇಡ ಅಂದ್ರೆ ನೊಂದ್ಕೊಳ್ತಾರೆ.

ಕೊನೇ ದಿನ

ಕೊನೇ ಸಂಜೆ ಹೊಸ ಪ್ರೋಗ್ರಾಮ್ ಇಟ್ಕೋಬೇಡಿ, ಇಲ್ಲಿನ ಸಭೆಯವರ ಜೊತೆ ಕೂತು ಲೆಕ್ಕ ಒಪ್ಪಿಸೋಕೆ ಇಡಿ. ಯಾವ ಶೆಡ್‌ನ ಯಾವ ಅಣ್ಣನ ಅರ್ಜಿ ಬಾಕಿ ಇದೆ, ಯಾವ ಮಗುವನ್ನ ಸೋಮವಾರ ಶಾಲೆಗೆ ಕರ್ಕೊಂಡು ಹೋಗ್ಬೇಕು, ಯಾವ ಅಕ್ಕನಿಗೆ ಸ್ಕ್ಯಾನಿಂಗ್ ತಾರೀಖು ಕೊಟ್ಟಿದಾರೆ, ಒಂದೊಂದಕ್ಕೂ ಇಲ್ಲಿರೋ ಒಬ್ಬರ ಹೆಸರು ಬರೀರಿ. ನಿಮ್ಮ ಫೋನ್ ನಂಬರ್ ಎಲ್ರಿಗೂ ಹಂಚಿ ಹೋಗ್ಬೇಡಿ, ತಿಂಗಳಾದ್ಮೇಲೆ ಅವರು ಫೋನ್ ಮಾಡ್ತಾರೆ, ನೀವು ಕ್ಲಾಸಲ್ಲೋ ಡ್ಯೂಟಿಲೋ ಇರ್ತೀರಿ, ಎತ್ತಕ್ಕಾಗಲ್ಲ. ಸಭೆ ನಂಬರ್ ಕೊಡಿ. ಕಟ್ಟಡ ಮುಗಿದ್ರೆ ಶೆಡ್ ಬಿಚ್ಚಿ ಇನ್ನೊಂದು ಸೈಟಿಗೆ ಹೋಗ್ಬಿಡ್ತಾರೆ, ಆವಾಗ ಎಲ್ಲಿಗೆ ಹೋದ್ರು ಅಂತ ತಿಳಿಯೋದು ಆ ಒಂದು ನಂಬರಿಂದಾನೇ. ಮುಂದಿನ ವರ್ಷನೂ ಬರೋ ಮನಸ್ಸಿದ್ರೆ ಬೇರೆ ಏರಿಯಾ ಹುಡುಕದೆ ಇದೇ ಸಭೆ ಹತ್ರ ಬನ್ನಿ, ಟೀಮಲ್ಲಿ ಕನಿಷ್ಠ ಇಬ್ರು ಈ ವರ್ಷ ಬಂದವರೇ ಇರೋ ಹಾಗೆ ನೋಡ್ಕೊಳ್ಳಿ.