ಕಪ್ಪು ಪ್ಲಾಸ್ಟಿಕ್ಕಿನ ಮೇಲಿನ ಬಿಳಿ ಕಲೆ: ಕೊನೆಗೂ ತೆಗೆದೆ

ಕಾರಿನ ಕಪ್ಪು ಕ್ಲ್ಯಾಡಿಂಗಿಗೆ, ಅಂದರೆ ಚಕ್ರದ ಸುತ್ತ, ಬಾಗಿಲ ಕೆಳಗೆ ಇರುವ ಪೇಂಟಿಲ್ಲದ ತರಿತರಿ ಪ್ಲಾಸ್ಟಿಕ್ಕಿಗೆ, ಪೇಂಟಿಗೆ ಹಚ್ಚುವ ವ್ಯಾಕ್ಸ್ ಹತ್ತಿ ಒಣಗಿದರೆ ಮುಗೀತು, ಮೇಲೆ ಡ್ರೆಸ್ಸಿಂಗ್ (ಕಪ್ಪಗೆ ಕಾಣಿಸುವ ಲೇಪ) ಬಳಿದು ಮುಚ್ಚಬೇಕು, ಇಲ್ಲವೇ ಪೀಸ್ ಬದಲಾಯಿಸಬೇಕು. ಈ ಕಸುಬಿನಲ್ಲಿ ಇರುವವರೆಲ್ಲ ಹೇಳುವುದು ಇಷ್ಟೇ. ಬಿಸಿ ಮಾಡಿ ತೆಗೀತೀನಿ ಅಂದಾಗ ನನ್ನ ಜೊತೆಯವರು ನಕ್ಕರು. "ಪ್ಲಾಸ್ಟಿಕ್ ಸುಟ್ಟು ಕೊಡ್ತೀಯ, ಹೊಸದು ನಿನ್ನ ಜೇಬಿಂದಲೇ ಹಾಕಿಸ್ಬೇಕಾಗುತ್ತೆ ನೋಡು" ಅಂತ ಒಬ್ಬರು ಭವಿಷ್ಯವನ್ನೂ ಹೇಳಿದರು. ಈಗ ಅವರೇ ಇಂಥ ಗಾಡಿ ಬಂದರೆ ನನ್ನ ಕಡೆ ಕಳಿಸುತ್ತಾರೆ. ಹಾಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಸಿಕ್ಕ ಗಾಡಿ ಕಷ್ಟದ್ದೇ. ಯಾರೋ ಟೇಪ್ ಹಾಕದೆ ಮಷೀನ್ ಪಾಲಿಶ್ ಹೊಡೆದಿದ್ದರು. ನಾಲ್ಕೂ ಚಕ್ರದ ಕಮಾನು, ಬಾಗಿಲಿನ ಕೆಳಪಟ್ಟಿ, ಹಿಂದಿನ ಬಂಪರ್, ಎಲ್ಲ ಕಡೆ ಕಾಂಪೌಂಡ್ (ಉಜ್ಜುಪುಡಿ ಇರುವ ಪಾಲಿಶ್) ಸಿಡಿದಿತ್ತು. ಅದರ ಮೇಲೆ ಪೇಸ್ಟ್ ವ್ಯಾಕ್ಸ್. ಅದರ ಮೇಲೆ ಕೆಲವು ತಿಂಗಳ ಬಿಸಿಲು. ಮಾಲೀಕರು ಪ್ರತಿ ಸಲ ತೊಳೆಸಿದಾಗಲೂ ಡ್ರೆಸ್ಸಿಂಗ್ ಹಾಕಿಸುತ್ತಿದ್ದರಂತೆ, ಮಳೆ ಬಂದರೆ ಬಿಳಿ ಮತ್ತೆ ಹಾಜರ್.

ಶಾಂಪೂ, ಬ್ರಷ್ಷಿನ ಮಾತು ಬಿಡಿ, ಅದರಿಂದ ಏನೂ ಆಗಲಿಲ್ಲ. ಎಪಿಸಿ, ಅಂದರೆ ಆಲ್ ಪರ್ಪಸ್ ಕ್ಲೀನರ್, ಸ್ವಲ್ಪ ಗಟ್ಟಿಯಾಗೇ ಕಲಸಿ ಹೊಡೆದೆ, ಐದು ಪಾಲು ನೀರಿಗೆ ಒಂದರ ಆಸುಪಾಸು. ಪಾಲಿಶ್‌ನ ಎಣ್ಣೆಯಂಶ ಬಂತು, ವ್ಯಾಕ್ಸ್ ಅಲ್ಲಾಡಲಿಲ್ಲ. ಅದೇ ಎಪಿಸಿ ಒಂದು ಮೂಲೆಯಲ್ಲಿ ಒಣಗಿ ತನ್ನದೇ ಗೆರೆ ಬಿಟ್ಟಿತು. ಆಮೇಲೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಇದು ಮೋಸ ಮಾಡುತ್ತದೆ. ಒರೆಸಿದ ಕೂಡಲೇ ಕಪ್ಪಗೆ ಹೊಳೆಯುತ್ತದೆ, ಗೆದ್ದೆ ಅಂದುಕೊಳ್ಳುತ್ತೀರಿ. ಎರಡು ನಿಮಿಷ ಕಳೆದು ಆರಿದ ಮೇಲೆ ನೋಡಿದರೆ ಬಿಳಿ ಇದ್ದಲ್ಲೇ ಇದೆ. ಗಟ್ಟಿ ಮೇಣವನ್ನು ಕರಗಿಸುವುದು ತಣ್ಣನೆಯ ಆಲ್ಕೋಹಾಲಿನ ಕೈಲಾಗುವ ಕೆಲಸವಲ್ಲ.

ದುಡ್ಡು ಹೋಗಿದ್ದು ಟ್ರಿಮ್ ಕ್ಲೀನರ್‌ಗಳಿಗೆ, ಇಂಥ ಪ್ಲಾಸ್ಟಿಕ್ಕಿಗೆ ಅಂತಲೇ ಮಾರುವ ಕ್ಲೀನರ್‌ಗಳಿಗೆ. ಒಂದಾದ ಮೇಲೊಂದು ಬಾಟಲಿ ತಂದೆ. ಅದರಲ್ಲಿ ಅತಿ ದುಬಾರಿಯದು ಬಹಳ ಚೆನ್ನಾಗಿ ಕೆಲಸ ಮಾಡಿದ ಹಾಗೆ ಕಂಡಿತು, ಎರಡು ತೊಳೆತದ ತನಕ. ಒಳಗೆ ಸಿಲಿಕೋನ್ ಎಣ್ಣೆ ಸೇರಿಸಿದ್ದರು. ಕ್ಲೀನರ್ ಅಂತ ಹೆಸರು, ಮಾಡುವುದು ಡ್ರೆಸ್ಸಿಂಗಿನ ಕೆಲಸ. ಒಟ್ಟು ಲೆಕ್ಕ ಹಾಕಿದರೆ ಆ ಬಾಟಲಿಗಳ ದುಡ್ಡಲ್ಲಿ ಒಂದು ಬದಿಯ ಕ್ಲ್ಯಾಡಿಂಗ್ ಹೊಸದೇ ಬರುತ್ತಿತ್ತು. ಕೊನೆಗೆ ಕೆಲಸ ಮಾಡಿದ ಸಾಮಾನಿಗೆ ಅದರ ಹತ್ತನೇ ಒಂದು ಪಾಲೂ ಖರ್ಚಾಗಿಲ್ಲ.

ಮೆಲಮೈನ್ ಸ್ಪಾಂಜ್ ಬಗ್ಗೆ ಒಂದು ಮಾತು. ಬಿಳಿ ಹೋಗುತ್ತದೆ, ನಿಜ. ಹಳೇ ಗುಜರಿ ಬಂಪರ್ ತುಂಡಿನ ಮೇಲೆ ಮಾಡಿ ನೋಡಿದೆ, ಚಕಚಕ ಅಂತ ಬಂತು. ಬಿಸಿಲಿಗೆ ಓರೆ ಹಿಡಿದರೆ ಅಂಗೈಯಷ್ಟು ಜಾಗ ನುಣ್ಣಗೆ ಮಿಂಚುತ್ತಿತ್ತು. ಅದು ಉಜ್ಜುಕಾಗದದ ಜಾತಿಯೇ, ಪ್ಲಾಸ್ಟಿಕ್ಕಿನ ತರಿತರಿಯನ್ನೇ ತಿಂದುಬಿಡುತ್ತದೆ. ತರಿ ಹೋದರೆ ವಾಪಸ್ ತರಲು ಯಾವ ಬಾಟಲಿಯಿಂದಲೂ ಆಗಲ್ಲ.

ಪೀನಟ್ ಬಟರ್ ಹಚ್ಚಿದರೆ ಹೋಗುತ್ತದೆ ಅಂತ ಹೇಳುವವರು ಎಲ್ಲ ಕಡೆ ಇದ್ದಾರೆ. ಅದನ್ನೂ ಮಾಡಿದೆ. ಅದರ ಎಣ್ಣೆ ತರಿಯೊಳಗೆ ಇಳಿದು ಬಿಳಿಯನ್ನು ಮರೆಮಾಡುತ್ತದೆ, ಅಷ್ಟೇ. ಮರುದಿನ ಇರುವೆ ಸಾಲು ಬಂದಿತ್ತು. ಅಡುಗೆ ಸೋಡಾ ಪೇಸ್ಟ್ ಅದಕ್ಕಿಂತ ದಡ್ಡ ಸಲಹೆ: ಇರುವ ಬಿಳಿ ಪುಡಿ ಸಾಲದು ಅಂತ ಇನ್ನೊಂದು ಬಿಳಿ ಪುಡಿ ತುಂಬುವುದು. ಇವುಗಳ ನಡುವೆ ಒಂದು ಮಾತ್ರ ಸುಳ್ಳಲ್ಲ, ಪೆನ್ಸಿಲ್ ಅಳಿಸುವ ಮೆತ್ತನೆ ಬಿಳಿ ರಬ್ಬರ್. ಉಗುರಗಲದ ಒಣ ಚುಕ್ಕೆಗೆ ಈಗಲೂ ಅದನ್ನೇ ಬಳಸುತ್ತೇನೆ. ಇಡೀ ಬಂಪರ್ ಅದರಲ್ಲಿ ಉಜ್ಜಿದರೆ ಕೈ ಬಿದ್ದುಹೋಗುತ್ತದೆ.

ದಾರಿ ಸಿಕ್ಕಿದ್ದು, ಕಲೆ ಒಂದಲ್ಲ ಎರಡು ಅಂತ ಗೊತ್ತಾದ ಮೇಲೆ. ಪಾಲಿಶ್‌ನ ಉಜ್ಜುಪುಡಿ, ಹೆಚ್ಚಾಗಿ ಅಲ್ಯುಮಿನಾ, ತರಿಯ ಗುಂಡಿಯೊಳಗೆ ಕೂತಿರುತ್ತದೆ. ವ್ಯಾಕ್ಸ್ ಅದರ ಮೇಲೆ ಅಂಟಿನ ಹಾಗೆ ಹಿಡಿದುಕೊಂಡಿರುತ್ತದೆ. ಸಾಲ್ವೆಂಟ್ (ವ್ಯಾಕ್ಸ್ ಕರಗಿಸುವ ದ್ರವ) ಒಂದನ್ನೇ ಹಾಕಿದರೆ ವ್ಯಾಕ್ಸ್ ತೆಳ್ಳಗಾಗಿ ಸುತ್ತ ಹರಡುತ್ತದೆ, ಪುಡಿ ಅಲ್ಲೇ ಉಳಿಯುತ್ತದೆ. ಎಪಿಸಿ ಒಂದನ್ನೇ ಹಾಕಿದರೆ ಅದು ವ್ಯಾಕ್ಸ್ ದಾಟಿ ಪುಡಿಯನ್ನು ಮುಟ್ಟುವುದೇ ಇಲ್ಲ. ನೀರು ಚಿಮುಕಿಸಿ ನೋಡಿ: ಹನಿ ಗುಂಡಗೆ ನಿಂತರೆ ವ್ಯಾಕ್ಸ್ ಇನ್ನೂ ಇದೆ. ನೀರು ಹರಡಿಕೊಂಡು, ಒದ್ದೆಯಲ್ಲಿ ಕಪ್ಪಾಗಿ, ಒಣಗಿದ ಮೇಲೆ ಬೆಳ್ಳಗಾದರೆ ಉಳಿದಿರುವುದು ಪುಡಿ. ಇಡೀ ಪೀಸ್ ಒಂದೇ ಸಮನಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ ಅದು ಬಿಸಿಲು ತಿಂದ ಪ್ಲಾಸ್ಟಿಕ್, ಅದರ ಕಥೆ ಬೇರೆ.

ಬಿಸಿಯ ಲೆಕ್ಕ ಹೀಗೆ. ಕಾರ್ನೌಬಾ ಅನ್ನುವ ತಾಳೆ ಜಾತಿಯ ಎಲೆಯ ಮೇಣ ಕರಗುವುದು ಎಂಬತ್ತು ಚಿಲ್ಲರೆ ಡಿಗ್ರಿಗೆ, ಜೇನುಮೇಣ ಅರವತ್ತು ಚಿಲ್ಲರೆಗೆ. ಡಬ್ಬಿಯಲ್ಲಿ ಬರುವ ವ್ಯಾಕ್ಸ್ ಬೆರಕೆಯಾದ್ದರಿಂದ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಕ್ಲ್ಯಾಡಿಂಗಿನ ಹಿಂದೆ ಪಿಪಿ ಅಂತ ಅಚ್ಚು ಇರುತ್ತದಲ್ಲ, ಆ ಪಾಲಿಪ್ರೊಪಿಲೀನ್ ಕರಗುವುದು ನೂರರವತ್ತರ ಹತ್ತಿರ. ನಡುವೆ ಇಷ್ಟು ಜಾಗ ಇದ್ದರೂ ಪೀಸ್ ಅದಕ್ಕಿಂತ ಬಹಳ ಮೊದಲೇ ಬಾಗುತ್ತದೆ, ಅದಕ್ಕೇ ಥರ್ಮಾಮೀಟರ್ ಗನ್ ಎಪ್ಪತ್ತೈದು ದಾಟದ ಹಾಗೆ ನೋಡಿಕೊಳ್ಳುತ್ತೇನೆ. ಅಷ್ಟಕ್ಕೆ ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಆದರೆ ಅತಿ ಕಡಿಮೆಯಲ್ಲಿ, ಒಂದು ಗೇಣು ದೂರದಲ್ಲಿ, ಕೈ ಒಂದೇ ಕಡೆ ನಿಲ್ಲಿಸದೆ. ಅದರ ಬಿಸಿ ಏರಿಸಿ ಪ್ಲಾಸ್ಟಿಕ್ಕನ್ನು ಕಪ್ಪು ಮಾಡುವ ವಿದ್ಯೆ ಇದೆಯಲ್ಲ, ಇದು ಅದಲ್ಲ.

ಮೆತ್ತಗಾದ ಕೂಡಲೇ ಬಟ್ಟೆ ಒತ್ತಿ, ಎತ್ತಿ. ಉಜ್ಜಬೇಡಿ, ಉಜ್ಜಿದರೆ ಕರಗಿದ ವ್ಯಾಕ್ಸನ್ನು ನೀವೇ ಪಕ್ಕದ ಗುಂಡಿಗೆ ತುಂಬಿದ ಹಾಗೆ. ಪ್ರತಿ ಒತ್ತಿಗೂ ಬಟ್ಟೆಯ ಹೊಸ ಮುಖ. ನಾನು ಗಾಢ ಬಣ್ಣದ, ಗಿಡ್ಡ ಎಳೆಯ ಮೈಕ್ರೋಫೈಬರ್ ಬಳಸುತ್ತೇನೆ. ಅದರಲ್ಲಿ ಬಂದ ಬಿಳಿ ಕಾಣುತ್ತದೆ, ಮತ್ತೆ ಬಿಳಿ ನೂಲಿನ ತುಣುಕು ತರಿಗೆ ಸಿಕ್ಕಿ ಕಲೆ ಅಂತ ಭ್ರಮೆ ಹುಟ್ಟಿಸುವುದೂ ತಪ್ಪುತ್ತದೆ.

ಪೀಸ್ ಪೂರ್ತಿ ತಣ್ಣಗಾಗಿ, ಡ್ರೈಯರ್ ಅಥವಾ ಹೀಟ್ ಗನ್ನಿನ ಪ್ಲಗ್ ಕಿತ್ತ ಮೇಲೆಯೇ, ಉಳಿದ ವ್ಯಾಕ್ಸ್ ಕರಗಿಸುವ ಮಿನರಲ್ ಟರ್ಪೆಂಟೈನ್ ಮುಚ್ಚಳ ತೆಗೆಯುವುದು. ಅದು ಬೆಂಕಿ ಹಿಡಿಯುವ ಸರಕು, ಬಾಗಿಲು ತೆರೆದಿರಲಿ. ಬಟ್ಟೆಗೆ ಹಾಕಿ, ಪೀಸಿನ ಮೇಲೆ ಸುರಿಯಬೇಡಿ. ರಬ್ಬರ್ ಬೀಡಿಂಗಿಗೆ ತಾಗಿದರೆ ಅದು ಉಬ್ಬುತ್ತದೆ. ಪೇಂಟ್ ಮಾಡಿದ ಪೀಸಿಗೆ, ಕನ್ನಡಿಯಂತೆ ಹೊಳೆಯುವ ನುಣುಪು ಕಪ್ಪು ಪೀಸಿಗೆ ಈ ವಿಧಾನವೇ ಬೇಡ. ನಾನು ಟರ್ಪೆಂಟೈನ್ ಒಂದನ್ನೇ ಹಾಕುವುದಿಲ್ಲ, ಇನ್ನೊಂದು ಸ್ವಲ್ಪ ಸೇರಿಸುತ್ತೇನೆ. ಅದು ಯಾವುದು, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ಅದಿಲ್ಲದಿದ್ದರೂ ಕೆಲಸ ಆಗುತ್ತದೆ, ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ.

ಇದಾದ ಮೇಲೆ ಪುಡಿ. ಹತ್ತಕ್ಕೆ ಒಂದು ಎಪಿಸಿ, ಉಗುರುಬೆಚ್ಚಗಿನ ನೀರು, ಬ್ರಷ್. ಪೇಂಟ್ ಹೊಡೆಯುವ ಬ್ರಷ್ಷಿನ ಕೂದಲನ್ನು ಹೆಬ್ಬೆರಳಿನ ಗಿಣ್ಣಿನಷ್ಟು ಉಳಿಸಿ ಕತ್ತರಿಸಿದರೆ ಗುಂಡಿಗೆ ಇಳಿಯುವ ಬಿರುಸು ಬರುತ್ತದೆ, ಗೀರೂ ಬೀಳುವುದಿಲ್ಲ. ನೊರೆ ಬೆಳ್ಳಗೆ ಹಾಲಿನ ಬಣ್ಣಕ್ಕೆ ತಿರುಗಿದಾಗ ಸಿಕ್ಕ ಖುಷಿ ಹೇಳತೀರದು, ಅಷ್ಟು ದಿನ ಹೋಗದಿದ್ದ ಪುಡಿ ಅದು. ಒಣಗಲು ಬಿಡದೆ ತೊಳೆದು, ಗಾಳಿ ಹೊಡೆದು, ಅರ್ಧ ಗಂಟೆ ಬಿಟ್ಟು ಓರೆ ಬೆಳಕಲ್ಲಿ ನೋಡಬೇಕು. ಒದ್ದೆಯಿದ್ದಾಗ ನೋಡಿದ್ದು ಲೆಕ್ಕಕ್ಕಿಲ್ಲ. ಹಟಮಾರಿ ಜಾಗಕ್ಕೆ ಬಿಸಿಯಿಂದಲೇ ಮತ್ತೆ ಶುರು.

ಮೊದಲ ಬಾಗಿಲಿಗೆ ಅರ್ಧ ದಿನವೇ ಹೋಯಿತು. ಈಗ ಒಂದು ಬಾಗಿಲಿಗೆ ಮುಕ್ಕಾಲು ಗಂಟೆ ಅಂದುಕೊಳ್ಳಿ.

ಮಧ್ಯೆ ಎರಡು ಪ್ರಯೋಗ ಮಾಡಿದೆ. ಐಸ್ ಇಟ್ಟು ವ್ಯಾಕ್ಸ್ ಬಿರುಸಾಗಿಸಿ ಚಿಮ್ಮಿಸುವುದು: ಮೇಲಿನ ಪದರ ಸಿಡಿಯಿತು, ಗುಂಡಿಯದು ಗುಂಡಿಯಲ್ಲೇ ಉಳಿಯಿತು. ಇನ್ನೊಂದು ಸ್ಟೀಮ್. ಅಕ್ಷರದ ಸಂದಿ, ಬಂಪರಿನ ಮೂಲೆಗೆ ಅದು ಡ್ರೈಯರ್‌ಗಿಂತ ಲೇಸು. ಅಗಲ ಜಾಗದಲ್ಲಿ ಮಾತ್ರ ಕರಗಿದ್ದನ್ನು ಪಕ್ಕದ ಪೇಂಟಿನ ಅಂಚಿಗೆ ಊದಿ ಕೂರಿಸುತ್ತದೆ. ಒಂದು ಕೈಲಿ ಸ್ಟೀಮ್, ಇನ್ನೊಂದು ಕೈಲಿ ಬಟ್ಟೆ ಹಿಂದೆಯೇ ಓಡಬೇಕು. ಮೂತಿಗೆ ಬಟ್ಟೆ ಸುತ್ತಿ ನೋಡುತ್ತಿದ್ದೇನೆ, ಇನ್ನೂ ಹದ ಬಂದಿಲ್ಲ.

ಡ್ರೆಸ್ಸಿಂಗ್ ಅದೇ ದಿನ ಹಾಕಿಕೊಡುವುದಿಲ್ಲ. ಒಂದು ಸಲ ತೊಳೆದು ಒಣಗಿದ ಮೇಲೂ ಕಪ್ಪಗಿದ್ದರೆ ಮಾತ್ರ ಹಾಕುತ್ತೇನೆ. ಕೂಲಿ ಡ್ರೆಸ್ಸಿಂಗ್ ಕೆಲಸದ ಮೂರು ಪಟ್ಟು ಕೇಳುತ್ತೇನೆ, ಕಲೆ ವಾಪಸ್ ಬಂದರೆ ದುಡ್ಡು ವಾಪಸ್. ಇಲ್ಲಿತನಕ ಯಾರಿಗೂ ವಾಪಸ್ ಕೊಟ್ಟಿಲ್ಲ. ಮೆಲಮೈನ್ ಸ್ಪಾಂಜ್ ತಿಂದ ಪೀಸ್ ತಂದವರಿಗೆ ಮಾತ್ರ ಈ ಕರಾರು ಇಲ್ಲ. ಅವರಿಗೆ ಓರೆ ಬೆಳಕಲ್ಲಿ ತೋರಿಸಿ, ಹೊಸ ಪೀಸ್ ತಗೊಳ್ಳಿ ಅನ್ನುತ್ತೇನೆ.